ಹಳೇ ಮನಿ ಮಾರದೆ ಹೊಸ ಮನಿಗೆ ಬಯಾನಾ ಕೊಡಬ್ಯಾಡ್ರಿ



ಸೇಡಂ, ಚಿತ್ತಾಪುರ, ಚಿಂಚೋಳಿ ಸೀಮೆಯ ಹಳ್ಳಿಗಳಲ್ಲಿ ಎಲ್ಲಿ ಕೂತರೂ ಒಂದು ಮಾತು ಬಂದೇ ಬರುತ್ತದೆ: ಪ್ಯಾಟಿಯೊಳಗ ನಮ್ಮದೂ ಒಂದು ಮನಿ ಇರಬೇಕು. ಮಕ್ಕಳ ಕಾಲೇಜು ಅಲ್ಲಿದೆ, ದವಾಖಾನೆ ಅಲ್ಲಿದೆ. ವಾಡಿ, ಶಹಾಬಾದ ಕಡೆ ಫರಸಿ ಖಣಿಗೋ ಸಿಮೆಂಟ್ ಕಾರ್ಖಾನೆಗೋ ಮಗ ಕೆಲಸಕ್ಕೆ ಹತ್ತಿದರೆ ಈ ಮಾತು ಇನ್ನೂ ಜೋರಾಗುತ್ತದೆ. ಕಾಗಿಣಾ ದಂಡಿಯ ಊರಿನವರಿಗಂತೂ ಹೊಳಿ ಬಂದಾಗೊಮ್ಮೆ ಇದೇ ವಿಚಾರ. ಮನಿ ಮಾಡಬ್ಯಾಡ್ರಿ ಅಂತ ನಾನು ಹೇಳುವವನಲ್ಲ. ಹಳೆಯದನ್ನು ಮಾರುವ ಮೊದಲೇ ಹೊಸದಕ್ಕೆ ಕೈ ಹಾಕಬ್ಯಾಡ್ರಿ, ಅಷ್ಟೇ. ಅನುಭವಿಸಿದವನ ಮಾತಿದು.

2015ರಲ್ಲಿ ತೊಗರಿಗೆ ಬಂದ ಧಾರಣಿ ನಿಮಗೆಲ್ಲ ನೆನಪಿದೆ. ಅದೇ ಹುಮ್ಮಸ್ಸಿನಲ್ಲಿ 2016ರ ಬ್ಯಾಸಗಿಯಲ್ಲಿ ಸೇಡಮಿನಲ್ಲಿ ಒಂದು ಮನಿ ಹಿಡಿದೆ. ಊರಿನ ಹಳೇ ಮನಿಗೆ ಗಿರಾಕಿ ಸಿಕ್ಕಿದ್ದ. ಐದು ಲಕ್ಷಕ್ಕೆ ಮಾತಾಗಿ, ಇಪ್ಪತ್ತು ಸಾವಿರ ಕೈಯಲ್ಲಿಟ್ಟು, ದೀಪಾವಳಿ ಆದಮ್ಯಾಲ ಉಳಿದಿದ್ದು ಕೊಡ್ತೀನಂದ. ಮನಿ ಮಾರಿದವರು ದೀಪಾವಳಿ ತನಕ ಕಾಯಲು ತಯಾರಿರಲಿಲ್ಲ. ಸೌಕಾರರ ಹತ್ತಿರ ನಾಲ್ಕು ಲಕ್ಷ ತಂದೆ, ನೂರಕ್ಕೆ ತಿಂಗಳಿಗೆ ಮೂರು ರೂಪಾಯಿ ಬಡ್ಡಿ. ಆರು ತಿಂಗಳ ಮಾತಲ್ಲ, ಎಷ್ಟಾದೀತು ಅಂದುಕೊಂಡೆ.

ಏನಾಯಿತು ಕೇಳ್ರಿ. ದೀಪಾವಳಿ ಮುಗಿದು ಹತ್ತು ದಿನ ಆಗಿರಲಿಲ್ಲ, ನವೆಂಬರ್ 8ಕ್ಕೆ ನೋಟು ರದ್ದಾದವು. ಗಿರಾಕಿ ಕೈ ಎತ್ತಿದ. ಸಂಕ್ರಾಂತಿಗೆ ರಾಶಿ ಆಗ್ತದ, ತೊಗರಿ ಮಾರಿ ತೀರಿಸೋಣ ಅಂದರೆ 2017ರಲ್ಲಿ ಮಾರ್ಕೆಟ್ ಧಾರಣಿ ಸರಕಾರದ ಬೆಂಬಲ ಬೆಲೆ 5,050ಕ್ಕಿಂತ ಕೆಳಗೆ ಬಿತ್ತು. ಹಳೇ ಮನಿ ಮಾರಾಟವಾಗಲು ಇಪ್ಪತ್ತು ತಿಂಗಳು ಬೇಕಾಯಿತು. ಅದೂ ಮೂರೂವರೆ ಲಕ್ಷಕ್ಕೆ. ತಿಂಗಳಿಗೆ 12,000ದಂತೆ ಬಡ್ಡಿಯೇ 2,40,000 ಆಗಿತ್ತು. ಲೆಕ್ಕ ಹಾಕಿರಿ: ಆ ವರ್ಷದ ಬೆಂಬಲ ಬೆಲೆಯೇ ಸಿಕ್ಕಿದ್ದರೂ ಬಡ್ಡಿಗೇ 47 ಕ್ವಿಂಟಲಿಗಿಂತ ಹೆಚ್ಚು ತೊಗರಿ. ಎಕರೆಗೆ ನಾಲ್ಕು ಕ್ವಿಂಟಲ್ ಹಿಡಿದರೆ ಹನ್ನೆರಡು ಎಕರೆಯ ಪೀಕು! ಕೊನೆಗೆ ಹಿರಿಯರು ಬಿಟ್ಟುಹೋದ ಎರೆಹೊಲದಲ್ಲಿ ಒಂದು ಎಕರೆ ಮಾರಿ ಸೌಕಾರರ ಬಾಕಿ ಮುಗಿಸಿದೆ. ಮನಿಯೇನೋ ಉಳಿಯಿತು. ಹೊಲ ಹೋಯಿತು.

ನನ್ನ ದೈವ ಕೆಟ್ಟಿತ್ತು ಅಂತ ನೀವು ಅನ್ನಬಹುದು. ಹಂಗಲ್ಲರೀ. ನೋಟು ರದ್ದಾಗದಿದ್ದರೂ ಹಳ್ಳಿಯ ಆಸ್ತಿ ಬೇಗ ಮಾರಾಟವಾಗುವಂಥದ್ದಲ್ಲ. ಗಿರಾಕಿ ಒಂದು ದಿನದಲ್ಲಿ ಸಿಕ್ಕಾನು, ಕಾಗದ ಸಿಗಬೇಕಲ್ಲ? ಮನಿ ಇನ್ನೂ ಮುತ್ಯಾನ ಹೆಸರಿನಲ್ಲೇ ಇರುತ್ತದೆ. ಪಂಚಾಯ್ತಿಯ ಇ-ಸ್ವತ್ತು ಕಾಗದ ಇಲ್ಲದೆ ನೋಂದಣಿ ಮುಂದೆ ಸಾಗುವುದಿಲ್ಲ. ಹೊಲದಲ್ಲಿ ಒಂದು ತುಂಡು ಮಾರಬೇಕೆಂದರೆ 11ಇ ನಕ್ಷೆ ಆಗಬೇಕು, ಸರ್ವೇಯರ್ ಬರಬೇಕು. ಪಹಣಿಯ ಮ್ಯಾಲೆ ಸೊಸೈಟಿ ಸಾಲದ ಬೋಜಾ ಇದ್ದರೆ ಅದನ್ನು ಮೊದಲು ತೆಗೆಸಬೇಕು. ಪಿತ್ರಾರ್ಜಿತ ಆಸ್ತಿಯಲ್ಲಿ 2005ರ ತಿದ್ದುಪಡಿಯಿಂದ ಹೆಣ್ಣುಮಕ್ಕಳಿಗೂ ಸಮಪಾಲು ಇದೆ. 2020ರಲ್ಲಿ ಸುಪ್ರೀಂ ಕೋರ್ಟು ಅದನ್ನು ಇನ್ನಷ್ಟು ಗಟ್ಟಿ ಮಾಡಿತು. ಅಕ್ಕ-ತಂಗಿಯರ ಪಾಲು ಕೊಡುವುದು ನ್ಯಾಯ, ಆದರೆ ಅವರನ್ನು ಕೇಳದೆ ಮಾರುತ್ತೇನೆಂದು ಹೊರಟವನ ವ್ಯವಹಾರ ಅಲ್ಲಿಗೇ ನಿಂತಿತು. ಇವಕ್ಕೆಲ್ಲ ತಿಂಗಳುಗಟ್ಟಲೆ ಹಿಡಿಯುತ್ತದೆ. ಬಡ್ಡಿಗೆ ಮಾತ್ರ ಐತವಾರದ ಸೂಟಿಯೂ ಇಲ್ಲ!

ಇನ್ನೊಂದು ಮೋಸ ಕೇಳ್ರಿ. ಕೆಲವರು ಸಾಲ ಕೊಡುವಾಗ ಹೊಲದ ಖರೀದಿ ಪತ್ರವನ್ನೇ ತಮ್ಮ ಹೆಸರಿಗೆ ಮಾಡಿಸಿಕೊಂಡು, 'ರೊಕ್ಕ ಕೊಟ್ಟ ದಿನ ತಿರುಗಿ ಮಾಡಿಕೊಡ್ತೀವಿ' ಅಂತ ಬಾಯಿಮಾತು ಹೇಳುತ್ತಾರೆ. 1882ರ ಆಸ್ತಿ ವರ್ಗಾವಣೆ ಕಾನೂನಿನ ಪ್ರಕಾರ ಆ ಶರತ್ತು ಅದೇ ಪತ್ರದಲ್ಲಿ ಬರೆದಿರದಿದ್ದರೆ ಅದು ಅಡಮಾನ ಅನ್ನಿಸಿಕೊಳ್ಳುವುದಿಲ್ಲ. ಬಾಯಿಮಾತು ನಂಬಿ ಸಹಿ ಮಾಡಿದವನು ಹೊಲ ಕಳೆದುಕೊಂಡಂತೆಯೇ ಸರಿ.

ಹಾಗಾದರೆ ಏನು ಮಾಡಬೇಕು? ಗಿರಾಕಿ ಹುಡುಕುವ ಮೊದಲು ವಾರಸಾ, ಇ-ಸ್ವತ್ತು, ಬೋಜಾ ಎಲ್ಲ ಹಸನ ಮಾಡಿಟ್ಟುಕೊಳ್ಳಿರಿ. ಮನೆಯವರನ್ನೆಲ್ಲ ಕೂಡಿಸಿ ಒಪ್ಪಿಗೆ ಪಡೆಯಿರಿ. ಮೊದಲು ಮಾರಿರಿ, ರೊಕ್ಕ ಕೈಗೆ ಬಂದಮೇಲೆ ಕೊಳ್ಳಿರಿ. ನಡುವೆ ಒಂದು ವರ್ಷ ಕಿರಾಯಿ ಮನೆಯಲ್ಲಿದ್ದರೆ ಮಾನ ಹೋಗುವುದಿಲ್ಲ. ತಿಂಗಳ ಕಿರಾಯಿಯನ್ನೂ ತಿಂಗಳ ಬಡ್ಡಿಯನ್ನೂ ಪಕ್ಕಪಕ್ಕ ಬರೆದು ನೋಡಿರಿ, ಯಾವುದು ಹಗುರ ತಿಳಿಯುತ್ತದೆ. ಬಯಾನಾ ಕೊಡಲೇಬೇಕಾಗಿ ಬಂದರೆ ಸಣ್ಣದು ಕೊಡಿರಿ, ಕರಾರಿನ ಅವಧಿ ರಾಶಿ ಮುಗಿದು ಮೂರು ತಿಂಗಳ ತನಕ ಇರಲಿ, ವ್ಯವಹಾರ ಮುರಿದರೆ ಎಷ್ಟು ತಿರುಗಿ ಬರಬೇಕು ಎಂಬುದು ಕಾಗದದಲ್ಲಿರಲಿ. ಇನ್ನೂ ಬಿತ್ತದ ತೊಗರಿಯನ್ನು ಲೆಕ್ಕಕ್ಕೆ ಹಿಡಿಯಬ್ಯಾಡ್ರಿ. 2022ರಲ್ಲಿ ನಿಂತ ಪೀಕು ನೆಟೆ ರೋಗಕ್ಕೆ ಒಣಗಿದ್ದನ್ನು ಕಣ್ಣಾರೆ ಕಂಡಿದ್ದೇವೆ.

ಇಷ್ಟು ಹೇಳಿ ತಪ್ಪೆಲ್ಲ ರೈತನದೇ ಅಂತ ಮುಗಿಸಿದರೆ ಅನ್ಯಾಯವಾದೀತು. ಪಗಾರದವನಿಗೆ ಬ್ಯಾಂಕು ಮನಿ ಸಾಲ ಕೊಡುತ್ತದೆ. ನಮಗೆ ಬೀಜ-ಗೊಬ್ಬರದ ಸಾಲವೇ ಹೆಣಗಾಟ. ಬಡ್ಡಿ ವ್ಯವಹಾರಕ್ಕೆ ಲೈಸನ್ಸ್ ಬೇಕೆಂದು 1961ರ ಕಾನೂನು ಹೇಳುತ್ತದೆ, ವಿಪರೀತ ಬಡ್ಡಿ ನಿಷೇಧಕ್ಕೆ 2004ರ ಕಾನೂನಿದೆ. ಆದರೆ ಮೂರು ರೂಪಾಯಿ ಬಡ್ಡಿ ಹಗಲಿನಲ್ಲೇ ನಡೆದಿದೆ. 2025-26ಕ್ಕೆ ತೊಗರಿಗೆ 8,000 ರೂಪಾಯಿ ಬೆಂಬಲ ಬೆಲೆ ಸಾರಿದರು. ಸಾರಿದರೆ ಸಾಕೇ? ರಾಶಿ ಆದ ದಿನವೇ ಖರೀದಿ ಕೇಂದ್ರ ತೆರೆದಿರಬೇಕು, ರೊಕ್ಕ ತಡವಿಲ್ಲದೆ ಖಾತೆಗೆ ಬರಬೇಕು. ಆಗ ರೈತ ಸೌಕಾರರ ಬಾಗಿಲಿಗೆ ಹೋಗುವುದು ಎಷ್ಟೋ ತಪ್ಪುತ್ತದೆ.

ಅದಕ್ಕಾಗಿ ಹೋರಾಟ ನಡೆಯಲಿ, ನಡೆಯಬೇಕು. ಹೋರಾಟ ಗೆಲ್ಲುವ ತನಕ ನಿಮ್ಮ ಹೊಲವನ್ನು ನೀವೇ ಕಾಯಬೇಕು. ಸೇಡಮಿನ ಆ ಮನಿಯಿಂದ ಊರಿಗೆ ಹೋಗುವಾಗಲೆಲ್ಲ ಮಾರಿದ ಆ ಒಂದು ಎಕರೆಯ ಬದುವಿನ ಮೇಲೆಯೇ ನಾನು ಹಾಯಬೇಕು. ಅಂಥಾ ದಾರಿ ನಿಮ್ಮ ಪಾಲಿಗೆ ಬ್ಯಾಡ.