ಹಿದುಕಿದ ಬೇಳೆ, ಕೈಮಾ ಉಂಡೆ... ಇದೂ ಔಟ್‌ಡೋರ್ ಶೂಟಿಂಗೇ!

ಈ ವಾರ ಗಾಂಧಿನಗರದ ಗಾಳಿಸುದ್ದಿ ಇಲ್ಲ, ಓದುಗ ಮಹಾಶಯರು ಕ್ಷಮಿಸಬೇಕು. ನಾನು ಬೆಂಗಳೂರಲ್ಲೇ ಇರಲಿಲ್ಲ. ಮರಳವಾಡಿಗೆ ಹೋಗಿದ್ದೆ, ನಮ್ಮಪ್ಪನಿಗೆ ಅಡಿಗೆ ಮಾಡಿ ಹಾಕೋದಕ್ಕೆ!

ನಗಬೇಡಿ, ಕಾರಣ ಇದೆ. ಮೊನ್ನೆ ದೊಡ್ಡ ಹೋಟೆಲೊಂದರಲ್ಲಿ ಪತ್ರಿಕಾಗೋಷ್ಠಿ, ಬೆಳಗಿನ ತಿಂಡಿ ಸಮೇತ. (ಬರೆದದ್ದಕ್ಕೆ ದುಡ್ಡು ಬಾರದಿದ್ದರೂ ಇಂಥ ತಿಂಡಿಗೆ ನಮಗೆ ಮೋಸವಿಲ್ಲ.) ತಟ್ಟೆಯಲ್ಲಿ ಕೆಂಪು ರಸದೊಳಗೆ ಕಾಳು, ಪಕ್ಕದಲ್ಲಿ ಬೆರಳುದ್ದದ ಮಾಂಸದ ಸುರುಳಿ. 'ಬೇಕ್ಡ್ ಬೀನ್ಸ್, ಸಾಸೇಜ್ ಸಾರ್' ಅಂದ ಬಡಿಸೋ ಹುಡುಗ. ಅಮೆರಿಕದವರು ಇದನ್ನು ಕಾಕಂಬಿ, ಹಂದಿಮಾಂಸ ಹಾಕಿ ಗಂಟೆಗಟ್ಟಲೆ ಬೇಯಿಸುತ್ತಾರೆ, ಇಂಗ್ಲೆಂಡಿನವರು ಟೊಮೆಟೊ ರಸದ ಡಬ್ಬಿ ಒಡೆದು ಒಲೆ ಮೇಲೆ ಬಿಸಿ ಮಾಡುತ್ತಾರೆ. ಒಂದು ಚಮಚ ಬಾಯಿಗಿಟ್ಟೆ. ಸಿಹಿ! ಅಯ್ಯೋ, ಕಾಳಿಗೆ ಸಕ್ಕರೆಯೇ? ಆದರೂ ಕಾಳು, ಕೊಚ್ಚಿದ ಮಾಂಸದ ಜೋಡಿ ನಾಲಿಗೆಗೆ ಗುರುತು ಹತ್ತಿತು. ನಮ್ಮವ್ವ ಮಾಡುತ್ತಿದ್ದ ಸಾರು...

ಅವ್ವ ಹೋಗಿ ಎರಡು ವರ್ಷ. ಅಪ್ಪನಿಗೆ ಹಲ್ಲಿಲ್ಲ, ಮುದ್ದೆ ಬಸ್ಸಾರಲ್ಲೇ ಕಾಲ ಹಾಕುತ್ತಿದ್ದಾನೆ. ನಾನು ಪಿಯುಸಿ ಬಿಟ್ಟು ಬಸ್ಸು ಹತ್ತಿದ ದಿನದಿಂದ ನನ್ನ ಕೆಲಸದ ಬಗ್ಗೆ ಒಂದು ಮಾತು ಕೇಳಿದವನಲ್ಲ. ರಾಮನಗರದ ಮಾರ್ಕೆಟ್ಟಲ್ಲಿ ರೇಷ್ಮೆ ಗೂಡು ಮಾರಿ ಕಟ್ಟಿದ ಫೀಸು ಅದು, ಕೋಪ ನ್ಯಾಯವೇ. 1972ರ 'ಬಂಗಾರದ ಮನುಷ್ಯ' ನೋಡಿ ಪಟ್ಟಣ ಬಿಟ್ಟು ಹೊಲಕ್ಕೆ ಮರಳಿದವರಿದ್ದಾರೆ ಅಂತಾರೆ. ನಾನು ಅದೇ ಚಿತ್ರವನ್ನು ಟೀವಿಯಲ್ಲಿ ನೋಡಿ ಹೊಲ ಬಿಟ್ಟು ಬಂದ ಭೂಪ!

ಇರಲಿ. ಹಾರೋಹಳ್ಳಿಯಲ್ಲಿಳಿದು ಅರ್ಧ ಕೆಜಿ ಕುರಿ ಕೈಮಾ ತಗೊಂಡೆ, ಎರಡು ಸಲ ಮೆಷಿನ್ನಿಗೆ ಹಾಕಿಸಿ. ಸೊಗಡಿನ ಅವರೆಕಾಯಿ 2 ಕೆಜಿ. ಮಾಗಡಿ ಅವರೆಗೆ ಹೆಸರು ಜಾಸ್ತಿ, ನಮ್ಮ ಕಡೇದೂ ಕಮ್ಮಿಯಿಲ್ಲ. ಕೈಮಾವನ್ನು ಪಕ್ಕದ ಮನೆ ದೊಡ್ಡವ್ವನ ಫ್ರಿಜ್ಜಲ್ಲಿಟ್ಟು, ಸುಲಿದ ಕಾಳನ್ನು ರಾತ್ರಿಯೆಲ್ಲ ನೀರಲ್ಲಿ ನೆನೆಹಾಕಿದೆ. ಬೆಳಿಗ್ಗೆ ಎರಡು ಬೆರಳ ಮಧ್ಯೆ ಒತ್ತಿದರೆ ಸಿಪ್ಪೆ ಕೈಲಿ, ಬೇಳೆ ಪಟಕ್ಕನೆ ಆಚೆ. ದೊಡ್ಡವ್ವ ಬಂದು ಹಿದುಕಿಕೊಟ್ಟಳು, ಇಲ್ಲದಿದ್ದರೆ ಇಂಟರ್‌ವಲ್ಲಾದರೂ ಮುಗಿಯುತ್ತಿರಲಿಲ್ಲ.

ಕೈಮಾಗೆ ಹಸಿಮೆಣಸಿನಕಾಯಿ, ಶುಂಠಿ, ಬೆಳ್ಳುಳ್ಳಿ, ಕೊತ್ತಂಬರಿ ಸೊಪ್ಪು, ಚಕ್ಕೆ ಲವಂಗ, ಉಪ್ಪು, ಒಂದು ಹಿಡಿ ಹುರಿಗಡಲೆ ಪುಡಿ. ಎಲ್ಲ ರುಬ್ಬಿ ಸಣ್ಣ ನಿಂಬೆಹಣ್ಣಿನ ಗಾತ್ರದ ಉಂಡೆ ಕಟ್ಟೋದು. ಹುರಿಗಡಲೆ ಕಮ್ಮಿಯಾದರೆ ಉಂಡೆ ಒಡೆಯುತ್ತೆ, ಜಾಸ್ತಿಯಾದರೆ ಗುಂಡುಕಲ್ಲು. ಈರುಳ್ಳಿ ಬಾಡಿಸಿ, ಕಾಯಿ, ಗಸಗಸೆ, ಧನಿಯ, ಖಾರದಪುಡಿ ರುಬ್ಬಿದ ಮಸಾಲೆ ಹಾಕಿ ಹಸಿ ವಾಸನೆ ಹೋಗೋವರೆಗೂ ಹುರಿದು, ಬೇಳೆ, ನೀರು, ಉಪ್ಪು ಬಿಟ್ಟೆ. ಕೊತಕೊತ ಕುದಿಯುವಾಗ ಉಂಡೆ ಒಂದೊಂದೇ ಇಳಿಬಿಡಬೇಕು. ಕುದಿ ಬರುವ ಮುಂಚೆ ಬಿಟ್ಟರೆ ಕರಗಿಯೇ ಹೋಗುತ್ತೆ.

ಇಷ್ಟೆಲ್ಲ ಗೊತ್ತಿದ್ದವನು ಮಾಡಿದ್ದೇನು? ಆತುರ ತಡೆಯದೆ ಸೌಟು ಹಾಕಿ ತಿರುವಿದೆ. ಮೂರು ಉಂಡೆ ಫಡ್ಚ!

ಜಗಲಿಯಿಂದ ಅಪ್ಪ ಒಳಗೆ ಬಂದ. "ಯಾಕ್ಲಾ ಕೆದಕ್ತೀಯ? ಪಾತ್ರೆ ಕಿವಿ ಹಿಡ್ಕಂಡು ಅಲ್ಲಾಡ್ಸು. ನಿಮ್ಮವ್ವ ಅಂಗೇ ಮಾಡ್ತಿದ್ದುದ್ದು." ಅಷ್ಟು ಹೇಳಿ ಹೋಗಲಿಲ್ಲ. ಟವಲ್ಲು ಮಡಿಸಿ ಪಾತ್ರೆ ಹಿಡಿದು ತಾನೇ ಅಲ್ಲಾಡಿಸಿದ. ಸೌದೆ ಹಿಂದಕ್ಕೆಳೆದು ಉರಿ ಸಣ್ಣ ಮಾಡಿದ. ಇಪ್ಪತ್ತು ನಿಮಿಷ ಒಲೆ ಮುಂದೆ ಇಬ್ಬರೂ, ಡೈಲಾಗ್ ಇಲ್ಲದ ಸೀನು.

ಮುದ್ದೆ ಮುರಿದು, ಉಂಡೆ ಬೆರಳಲ್ಲೇ ಹಿಸುಕಿ ಬಾಯಿಗಿಟ್ಟ. ಇನ್ನೊಂದು ಕೇಳಿ ಹಾಕಿಸಿಕೊಂಡ. ಕೈ ತೊಳೆಯುವಾಗ ಮುಖ ನೋಡದೆ ಕೇಳಿದ: "ದುಡ್ಡು ಸರಿಯಾಗ್ ಕೊಡ್ತಾರೇನ್ಲಾ, ಆ ಸಿನಿಮಾ ಪೇಪರ್ನೋರು?"

"ಕೊಡ್ತಾರಪ್ಪ" ಅಂದೆ. ಸಂಪಾದಕರು ಈ ಸಾಲನ್ನು ಅಚ್ಚಿಗೆ ಬಿಡುತ್ತಾರೋ, ಕತ್ತರಿ ಹಾಕುತ್ತಾರೋ!

ಬೆಳಿಗ್ಗೆ ಬಸ್ಸಿಗೆ ಹೊರಟಾಗ ಉಳಿದ ಸಾರನ್ನು ಬಿಸಿ ಮಾಡಿ ಟಿಫನ್ ಡಬ್ಬಿಗೆ ತುಂಬಿ ಕೈಗಿಟ್ಟ. ಹೊಸ ಚಿತ್ರಗಳ ಸುದ್ದಿ ಮುಂದಿನ ವಾರ.