ಬೇನೆ ಮೊದಲು, ಲಸಿಕೆ ಆಮೇಲೆ?

ಚರ್ಮಗಂಟು ರೋಗ ಒಡಿಶಾದಲ್ಲಿ ಕಾಣಿಸಿದ್ದು 2019ರಲ್ಲಿ. ದೇಶದ್ದೇ ಲಸಿಕೆ ಸಿದ್ಧವೆಂಬ ಘೋಷಣೆ ಬಂದದ್ದು 2022ರ ಆಗಸ್ಟ್‌ನಲ್ಲಿ. ಅಷ್ಟರಲ್ಲಿ ರೋಗ ಊರೂರು ಸುತ್ತಿತ್ತು. ಆಡಿನ ಸಿಡುಬಿನ ಲಸಿಕೆಯನ್ನೇ ದನಗಳಿಗೆ ಚುಚ್ಚಿ ಕಾಲ ತಳ್ಳಿದೆವು.

ಮುಂದಿನ ಬೇನೆಗೂ ಇದೇ ಗತಿಯಾದರೆ ಅದರ ಮೊದಲ ಪೆಟ್ಟು ಬೀಳುವುದು ಗಡಿ ತಾಲ್ಲೂಕುಗಳ ಮೇಲೆ. ಬೀದರ್ ಜಿಲ್ಲೆಯ ಔರಾದಿಗೆ ಒಂದು ಮಗ್ಗುಲಲ್ಲಿ ಮಹಾರಾಷ್ಟ್ರ, ಇನ್ನೊಂದು ಮಗ್ಗುಲಲ್ಲಿ ತೆಲಂಗಾಣ. ಭಾಲ್ಕಿ ರೈತರು ಹೆಮ್ಮೆಯಿಂದ ಕಟ್ಟುವ ದೇವಣಿ ದನದ ಮೂಲ ಊರು ಗಡಿಯಾಚೆಯ ಲಾತೂರ ಜಿಲ್ಲೆಯದು. ದನ ಬಂದ ದಾರಿಯಲ್ಲಿ ರೋಗವೂ ಬರುತ್ತದೆ.

ಬೇಗ ಲಸಿಕೆ ಕಟ್ಟಬಲ್ಲ ವಿದ್ಯೆಯೊಂದು ನಮ್ಮ ಹತ್ತಿರವೇ ಇದೆ. ಫೈಸಾಲಿಸ್ ಗಿಡದ ಎಲೆಗೆ ಮಚ್ಚೆ ತರುವ ವೈರಸ್ಸಿನ ಹೊರಕವಚವನ್ನು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಎಂ.ಆರ್.ಎನ್. ಮೂರ್ತಿ, ಎಚ್.ಎಸ್. ಸಾವಿತ್ರಿ ಬಿಡಿಸಿ ನೋಡಿದರು. ಒಂದೇ ಪ್ರೋಟೀನಿನ 180 ಪ್ರತಿಗಳು ತಾವಾಗಿ ಕೂಡಿ ಆಗುವ ಖಾಲಿ ಚೆಂಡು ಅದು. ಬ್ಯಾಕ್ಟೀರಿಯಾದಲ್ಲೂ ತಯಾರಾಗುತ್ತದೆ, ದನಕ್ಕೆ ರೋಗ ತರಲಾರದು. ಅದರ ಮೈಮೇಲೆ ಜಾನುವಾರು ವೈರಸ್ಸಿನ ಚೂರೊಂದನ್ನು ಕೂರಿಸಿದರೆ ದೇಹ ಅದನ್ನು ಶತ್ರುವೆಂದೇ ಗುರುತು ಹಿಡಿಯುತ್ತದೆ. ಹೈದರಾಬಾದಿನ ಇಂಡಿಯನ್ ಇಮ್ಯುನಾಲಾಜಿಕಲ್ಸ್ ವಿಜ್ಞಾನಿಗಳು 2007ರಲ್ಲಿ ಈ ಕವಚದ ಮೇಲೆ ಕಾಲುಬಾಯಿ ಜ್ವರದ ಚೂರುಗಳನ್ನಿಟ್ಟು, ರೋಗ ತಗುಲಿದ ದನ ಯಾವುದು, ಬರೀ ಲಸಿಕೆ ಪಡೆದದ್ದು ಯಾವುದು ಎಂದು ಹೇಳುವ ಪರೀಕ್ಷೆ ರೂಪಿಸಿದರು. ಬ್ರಿಟನ್ನಿನ ಜಾನ್ ಇನ್ಸ್ ಕೇಂದ್ರದವರು ಅಲಸಂದೆಯ ವೈರಸ್ಸನ್ನು ಪಳಗಿಸಿ, ತಂಬಾಕಿನ ಜಾತಿಯ ಗಿಡದಲ್ಲಿ ನೀಲಿ ನಾಲಿಗೆ ರೋಗದ ಖಾಲಿ ಕವಚ ಬೆಳೆಸಿದರು. ಅದು ಕುರಿಗಳನ್ನು ಕಾಪಾಡಿತೆಂದು 2013ರಲ್ಲಿ ವರದಿ ಮಾಡಿದರು.

ಎಲ್ಲ ರೋಗಕ್ಕೂ ಇದು ಮದ್ದಲ್ಲ. ಚರ್ಮಗಂಟಿನ ವೈರಸ್ಸು ದೊಡ್ಡದು, ಒಂದು ಚೂರಿಗೆ ಬಗ್ಗುವಂಥದ್ದಲ್ಲ. ಕಾಲುಬಾಯಿ, ನೀಲಿ ನಾಲಿಗೆಗಳ ಮಟ್ಟಿಗೆ ಆಸೆ ಇಟ್ಟುಕೊಳ್ಳಬಹುದು.

ನಮ್ಮ ಆತಂಕ ಬೇರೆಯದು. ಕೆನಡಾದ ಮೆಡಿಕಾಗೊ ಕಂಪನಿ ಗಿಡದಲ್ಲಿ ಬೆಳೆಸಿದ ಕೋವಿಡ್ ಲಸಿಕೆಗೆ 2022ರಲ್ಲಿ ಅನುಮತಿ ಸಿಕ್ಕಿತು. ಮರುವರ್ಷವೇ ಮಾಲೀಕರು ಆ ಕಂಪನಿಯನ್ನು ಮುಚ್ಚಿದರು. ಮನುಷ್ಯರ ಲಸಿಕೆಯೇ ಲಾಭ ತರದಿದ್ದರೆ ಔರಾದಿನ ಕುರಿಗಾಗಿ ಯಾವ ಕಂಪನಿ ಕೈಸುಟ್ಟುಕೊಂಡೀತು? ಸರ್ಕಾರವೇ ಮುಂದೆ ಬರಬೇಕು.

ರೋಗದ ಮುನ್ಸೂಚನೆ ಕೊಡಲು ಯಲಹಂಕದಲ್ಲಿ ನಿವೇದಿ ಸಂಸ್ಥೆ ಇದೆ, ಲಸಿಕೆ ತಯಾರಿಸಲು ಹೆಬ್ಬಾಳದಲ್ಲಿ ಸರ್ಕಾರಿ ಘಟಕ ಇದೆ, ಬೀದರಿನ ನಂದಿನಗರದಲ್ಲಿ ಪಶುವೈದ್ಯಕೀಯ ವಿಶ್ವವಿದ್ಯಾಲಯವೇ ಇದೆ. ಮೂರಕ್ಕೂ ಸೇರಿ ಒಂದು ಯೋಜನೆ, ಅದಕ್ಕೆ ಕಟ್ಟಿಟ್ಟ ಹಣ ಬೇಕು. ಕಾಲುಬಾಯಿ ಜ್ವರವನ್ನು 2030ಕ್ಕೆ ದೇಶದಿಂದ ಅಳಿಸುವ ಗುರಿ ಕೇಂದ್ರದ್ದು. ಕವಚ ಲಸಿಕೆಯ ಮೊದಲ ಪರೀಕ್ಷೆ ಬೀದರಿನ ಕುರಿ ಮೇಕೆಗಳ ಮೇಲೆ ನಡೆಯಬೇಕಾದರೆ ಮುಂದಿನ ಬಜೆಟ್ಟಿನಲ್ಲೇ ಅದಕ್ಕೊಂದು ಸಾಲು ಸಿಗಬೇಕು.