ನಾಯಿಯನ್ನು ತಕ್ಕಡಿಗೆ ಹಾಕುವ ನಿಯಮ

ಕಳೆದ ತಿಂಗಳು ಒಂದು ಬೆಳಿಗ್ಗೆ ಹಾಲು ತರಲೆಂದು ಕೆಳಗಿಳಿದಾಗ, ನಾವಿರುವ ಅಪಾರ್ಟ್‌ಮೆಂಟಿನ ಲಿಫ್ಟಿನ ಪಕ್ಕದ ಸೂಚನಾಫಲಕದಲ್ಲಿ ಹೊಸದೊಂದು ಸುತ್ತೋಲೆ ಕಂಡಿತು. ಮೂವತ್ತು ವರ್ಷಕ್ಕೂ ಮಿಕ್ಕಿ ಮೇಷ್ಟರಾಗಿದ್ದವನಿಗೆ ಸುತ್ತೋಲೆಯೆಂದರೆ ನಿಂತು ಪೂರ್ತಿ ಓದುವ ಅಭ್ಯಾಸ. ಓದಿದೆ. ಒಂದು ಮನೆಗೆ ಒಂದೇ ನಾಯಿ. ಅದರ ತೂಕ 15 ಕಿಲೋ ಮೀರಬಾರದು. ಅದು ‘ಅಪಾಯಕಾರಿ ತಳಿ’ಯದಾಗಿರಬಾರದು. ಯಾವ ಸಾಕುಪ್ರಾಣಿಯನ್ನೂ ಲಿಫ್ಟಿನಲ್ಲಿ ಕರೆದೊಯ್ಯುವಂತಿಲ್ಲ. ಈ ನಿಯಮಗಳಿಗೆ ಹೊಂದದ ಪ್ರಾಣಿಗಳನ್ನು ಮೂರು ತಿಂಗಳೊಳಗೆ ‘ವಿಲೇವಾರಿ’ ಮಾಡತಕ್ಕದ್ದು.

ಕಡತಗಳನ್ನು ವಿಲೇವಾರಿ ಮಾಡುತ್ತಾರೆ, ಕಸವನ್ನು ವಿಲೇವಾರಿ ಮಾಡುತ್ತಾರೆ. ಹನ್ನೊಂದು ವರ್ಷ ಒಂದು ಮನೆಯ ಅನ್ನ ತಿಂದ ಜೀವಕ್ಕೆ ಈ ಶಬ್ದವನ್ನು ಬಳಸಿದ ಕೈ ಯಾವುದೆಂದು ನಾನು ಕೇಳಲಿಲ್ಲ. ಆದರೆ ಅಂದಿನಿಂದ ನನಗೆ ಸಮಾಧಾನವಿಲ್ಲ.

ಈ ನಿಯಮ ಮೊದಲು ತಟ್ಟಿದ್ದು ನಾಲ್ಕನೆಯ ಮಹಡಿಯ ಒಬ್ಬ ಹಿರಿಯರಿಗೆ. ಎಪ್ಪತ್ತು ದಾಟಿದ ಹೆಂಗಸು, ಎರಡು ಮಂಡಿಯೂ ಸವೆದಿವೆ. ಪತಿ ತೀರಿಕೊಂಡು ಮೂರು ವರ್ಷವಾಯಿತು, ಮಕ್ಕಳು ದೂರದಲ್ಲಿದ್ದಾರೆ. ಮನೆಯಲ್ಲಿ ಜೊತೆಗಿರುವುದು ಪತಿ ಎಂದೋ ಚರಂಡಿಯ ಪಕ್ಕದಿಂದ ಎತ್ತಿಕೊಂಡು ಬಂದಿದ್ದ ಒಂದು ನಾಟಿ ನಾಯಿ. ಅದಕ್ಕೀಗ ಹನ್ನೊಂದು ವರ್ಷ, ತೂಕ 22 ಕಿಲೋ. ಈವರೆಗೆ ಯಾರನ್ನೂ ಕಚ್ಚಿಲ್ಲ. ಪ್ರತಿವರ್ಷ ತಪ್ಪದೆ ಲಸಿಕೆ ಹಾಕಿಸಿದ ಪುಸ್ತಕ ಅವರ ಬಳಿ ಇದೆ. ಲಿಫ್ಟ್ ನಿಷಿದ್ಧವಾದ ದಿನದಿಂದ ಅವರು ದಿನಕ್ಕೆ ಎರಡು ಬಾರಿ ಕಂಬಿ ಹಿಡಿದುಕೊಂಡು ನಾಲ್ಕು ಮಹಡಿ ಇಳಿದು ಹತ್ತುತ್ತಿದ್ದಾರೆ. ಮೆಟ್ಟಿಲ ಮೇಲೆ ಎದುರಾದಾಗ, “ಮೇಷ್ಟ್ರೇ, ಇದನ್ನ ಎಲ್ಲಿಗೆ ಅಂತ ಕಳಿಸಲಿ ಹೇಳಿ” ಎಂದರು. ನನ್ನಲ್ಲಿ ಉತ್ತರವಿರಲಿಲ್ಲ.

ಸುತ್ತೋಲೆ ಹುಟ್ಟಿದ್ದೇಕೆ ಎಂಬುದನ್ನೂ ಹೇಳಬೇಕು, ಇಲ್ಲದಿದ್ದರೆ ಅನ್ಯಾಯವಾದೀತು. ಎರಡು ತಿಂಗಳ ಹಿಂದೆ ನಮ್ಮ ಕಾವಲುಗಾರನ ಎಂಟು ವರ್ಷದ ಮಗನನ್ನು ವಾಹನ ನಿಲ್ಲಿಸುವ ಜಾಗದಲ್ಲಿ ಒಂದು ನಾಯಿ ಕಚ್ಚಿತು. ಕಚ್ಚಿದ್ದು ಮೈತುಂಬ ಬಿಳಿಯ ಕೂದಲಿರುವ, ಆರೇಳು ಕಿಲೋ ತೂಗುವ ಒಂದು ಪುಟ್ಟ ವಿದೇಶಿ ತಳಿಯ ನಾಯಿ. ಅದರ ಕೊರಳಿಗೆ ಸರಪಳಿಯಿರಲಿಲ್ಲ. ಲಸಿಕೆಯ ದಾಖಲೆ ಕೇಳಿದರೆ ಮನೆಯವರಲ್ಲಿ ಅದೂ ಇರಲಿಲ್ಲ. ಹುಡುಗನನ್ನು ಸೂಜಿಮದ್ದಿಗೆ ಕರೆದುಕೊಂಡು ಹೋದವರಲ್ಲಿ ನಾನೂ ಒಬ್ಬ. ಈಗ ಸುತ್ತೋಲೆಯನ್ನು ಮತ್ತೊಮ್ಮೆ ಓದಿ ನೋಡಿ. ಒಂದೇ ನಾಯಿ, 15 ಕಿಲೋ ಒಳಗೆ, ಅಪಾಯಕಾರಿ ಎಂಬ ಹೆಸರಿಲ್ಲದ ತಳಿ. ಕಚ್ಚಿದ ನಾಯಿ ಮೂರು ಪರೀಕ್ಷೆಯಲ್ಲೂ ಪಾಸು! ಯಾರನ್ನೂ ಕಚ್ಚದ ಮುದಿ ನಾಯಿ ಫೇಲು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಂದು ನಮ್ಮ ಹಿರಿಯರು ಹೇಳಿದ್ದು ಇಂಥದ್ದನ್ನೇ ಕಂಡಿರಬೇಕು.

ಓದುಗ ಮಿತ್ರರು ನನ್ನನ್ನು ಶ್ವಾನಪ್ರೇಮಿಯೆಂದು ಭಾವಿಸಬೇಕಾಗಿಲ್ಲ. ನಾನು ನಾಯಿ ಸಾಕಿದವನಲ್ಲ. ಅದಕ್ಕೊಂದು ಕಾರಣವಿದೆ. 1986ರಲ್ಲಿ ನಾನು ತಿಪಟೂರಿನ ಕಡೆಯ ಒಂದು ಹಳ್ಳಿಯ ಪ್ರೌಢಶಾಲೆಯಲ್ಲಿದ್ದೆ. ಒಂಬತ್ತನೆಯ ತರಗತಿಯ ಹುಡುಗನೊಬ್ಬ ಅಂಗೈಗೆ ಬಟ್ಟೆ ಸುತ್ತಿಕೊಂಡು ಬಂದ. ಕೇಳಿದರೆ, “ಮನೆ ನಾಯೀನೇ ಸಾರ್, ಆಟ ಆಡ್ತಾ ಹಲ್ಲು ತಾಗ್ತು” ಎಂದ. ಮನೆಯಲ್ಲಿ ಅರಿಶಿನ ಸುಣ್ಣ ಹಚ್ಚಿದ್ದರು, ಯಾರಿಂದಲೋ ತಾಯಿತ ಕಟ್ಟಿಸಿದ್ದರು. ಆ ಕಾಲದಲ್ಲಿ ನಾಯಿ ಕಡಿತಕ್ಕೆ ಹೊಕ್ಕುಳ ಸುತ್ತ ಹದಿನಾಲ್ಕು ಸೂಜಿ ಹಾಕಿಸಿಕೊಳ್ಳಬೇಕಿತ್ತು. ಅದಕ್ಕೆ ಹೆದರಿ ಆಸ್ಪತ್ರೆಗೆ ಹೋಗಲಿಲ್ಲ. ನಾನೂ ಒತ್ತಾಯಿಸಲಿಲ್ಲ. ಒಂದೂವರೆ ತಿಂಗಳ ಮೇಲೆ ಅವನಿಗೆ ನೀರು ನುಂಗಲಾಗಲಿಲ್ಲ. ಲೋಟ ಕಂಡರೆ ಗಂಟಲು ಬಿಗಿಯುತ್ತಿತ್ತು. ನಾಲ್ಕನೆಯ ದಿನ ತೀರಿಕೊಂಡ. ಹಾಜರಿ ಪುಸ್ತಕದಲ್ಲಿ ಅವನ ಹೆಸರಿನ ಮೇಲೆ ಗೆರೆ ಎಳೆದವನು ನಾನೇ. ರೋಗಲಕ್ಷಣ ಕಾಣಿಸಿಕೊಂಡ ಮೇಲೆ ರೇಬೀಸ್‌ಗೆ ಮದ್ದಿಲ್ಲ. ಕಚ್ಚಿದ ಕೂಡಲೇ ಸಾಬೂನು ಹಚ್ಚಿ ಹರಿಯುವ ನೀರಿನಲ್ಲಿ ಕಾಲು ಗಂಟೆ ತೊಳೆದು, ಲಸಿಕೆ ಹಾಕಿಸಿಕೊಂಡರೆ ಜೀವ ಉಳಿಯುತ್ತದೆ. ಲೂಯಿ ಪಾಶ್ಚರ್ 1885ರಲ್ಲೇ ಆ ಲಸಿಕೆಯನ್ನು ಮನುಷ್ಯನಿಗೆ ಕೊಟ್ಟಿದ್ದ. ಇದನ್ನು ಪಾಠದಲ್ಲಿ ಓದಿ ಹೇಳುತ್ತಿದ್ದ ಮೇಷ್ಟರು ತನ್ನ ಶಿಷ್ಯನನ್ನು ಉಳಿಸಿಕೊಳ್ಳಲಿಲ್ಲ.

ಇಷ್ಟು ವರ್ಷಗಳ ಬಳಿಕವೂ ಆ ಪ್ರಶ್ನೆಯನ್ನು ನಾನು ಬಿಟ್ಟಿಲ್ಲ: ಯಾವ ನಿಯಮವಿದ್ದಿದ್ದರೆ ಆ ಹುಡುಗ ಉಳಿಯುತ್ತಿದ್ದ? ಮನೆಗೊಂದೇ ನಾಯಿ ಎಂಬ ನಿಯಮವೇ? ಅವರ ಮನೆಯಲ್ಲಿದ್ದದ್ದು ಒಂದೇ. ತೂಕದ ನಿಯಮವೇ? ಅದು ಬಡಕಲು ನಾಯಿ. ತಳಿಯ ನಿಯಮವೇ? ಅದಕ್ಕೆ ತಳಿಯ ಹೆಸರೇ ಇರಲಿಲ್ಲ. ನಾಯಿಗೆ ವರ್ಷಕ್ಕೊಂದು ಲಸಿಕೆ ಕಡ್ಡಾಯವೆಂಬ ಒಂದೇ ನಿಯಮ, ಅದನ್ನು ಕೇಳುವ ಒಬ್ಬ ಮನುಷ್ಯ, ಇವೆರಡೇ ಸಾಕಿತ್ತು. ನಮ್ಮ ಸಂಘದ ಸುತ್ತೋಲೆಯಲ್ಲಿ ಲಸಿಕೆ ಎಂಬ ಶಬ್ದವೇ ಇಲ್ಲ. ನನ್ನ ಜಗಳ ಇರುವುದು ಇಲ್ಲಿ.

ಈ ತಪ್ಪನ್ನು ನಮ್ಮ ಸಂಘವಷ್ಟೇ ಮಾಡಿದ್ದಲ್ಲ. 2018ರಲ್ಲಿ ಆಗಿನ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಯು ಫ್ಲ್ಯಾಟಿಗೆ ಒಂದು ನಾಯಿ, ಸ್ವತಂತ್ರ ಮನೆಗೆ ಮೂರು ಎಂದು ಉಪವಿಧಿ ಹೊರಡಿಸಿ, ಫ್ಲ್ಯಾಟಿನಲ್ಲಿ ಸಾಕಬಹುದಾದ ತಳಿಗಳ ಪಟ್ಟಿಯನ್ನೂ ಲಗತ್ತಿಸಿತು. ಜನರ ವಿರೋಧ ಬಂದ ಮೇಲೆ ಅದನ್ನು ಹಿಂದಕ್ಕೆ ಪಡೆಯಬೇಕಾಯಿತು. 2024ರ ಮಾರ್ಚಿನಲ್ಲಿ ಕೇಂದ್ರ ಸರ್ಕಾರವು 23 ತಳಿಗಳನ್ನು ‘ಉಗ್ರ’ವೆಂದು ಹೆಸರಿಸಿ, ಅವುಗಳಿಗೆ ಪರವಾನಗಿ ಕೊಡಬಾರದೆಂದು ರಾಜ್ಯಗಳಿಗೆ ಬರೆಯಿತು. ಮುಂದಿನ ತಿಂಗಳೇ ಕರ್ನಾಟಕ ಹೈಕೋರ್ಟು, ಸಂಬಂಧಪಟ್ಟವರ ಅಭಿಪ್ರಾಯ ಕೇಳದೆ ಹೊರಡಿಸಿದ್ದೆಂದು ಆ ಸುತ್ತೋಲೆಯನ್ನು ರದ್ದುಗೊಳಿಸಿತು. ಎರಡರಲ್ಲೂ ಆದದ್ದು ಒಂದೇ: ಪ್ರಾಣಿಯನ್ನು ಎಣಿಸುವುದು, ಪಟ್ಟಿ ಮಾಡುವುದು ಸುಲಭ, ಸಾಕುವವನನ್ನು ಹೊಣೆಗಾರನನ್ನಾಗಿ ಮಾಡುವುದು ಕಷ್ಟ. ಸುಲಭವಾದದ್ದನ್ನು ಮಾಡಿ ಕೈತೊಳೆದುಕೊಂಡರು. ಬೀದಿನಾಯಿಗಳ ವಿಷಯ ಬೇರೆ. 2025ರಲ್ಲಿ ಸುಪ್ರೀಂ ಕೋರ್ಟಿನವರೆಗೆ ಹೋದ ಆ ದೊಡ್ಡ ವಿವಾದವನ್ನು ನಾನಿಲ್ಲಿ ಬೆರೆಸುವುದಿಲ್ಲ. ನನ್ನ ಮಾತು ಮನೆಯೊಳಗೆ ಸಾಕಿದ ಪ್ರಾಣಿಗಳ ಬಗ್ಗೆ ಮಾತ್ರ.

ವಾರ್ಷಿಕ ಸಭೆಯಲ್ಲಿ ನಾನು ಎದ್ದುನಿಂತಾಗ ಪದಾಧಿಕಾರಿಗಳು ಕೊಟ್ಟ ಉತ್ತರ, “ಬಹುಮತದ ತೀರ್ಮಾನ ಸಾರ್” ಎಂದು. ಬಹುಮತಕ್ಕೆ ಎಲ್ಲದರ ಮೇಲೂ ಅಧಿಕಾರವಿಲ್ಲ ಎಂಬುದು ಹೈಸ್ಕೂಲಿನ ಪೌರನೀತಿಯ ಪಾಠ. 1960ರ ಪ್ರಾಣಿಹಿಂಸೆ ತಡೆ ಕಾಯ್ದೆಯಡಿ ಸ್ಥಾಪಿತವಾದ ಭಾರತೀಯ ಪ್ರಾಣಿ ಕಲ್ಯಾಣ ಮಂಡಳಿಯು 2015ರಲ್ಲಿ ನಿವಾಸಿಗಳ ಸಂಘಗಳಿಗೆಂದೇ ಮಾರ್ಗಸೂಚಿ ಹೊರಡಿಸಿದೆ. ಬಹುಮತವಿದ್ದರೂ ಸಾಕುಪ್ರಾಣಿಗಳನ್ನು ನಿಷೇಧಿಸುವಂತಿಲ್ಲ, ನಾಯಿಯ ಗಾತ್ರವನ್ನು ಕಾರಣವಾಗಿ ಒಡ್ಡುವಂತಿಲ್ಲ, ಲಿಫ್ಟನ್ನು ನಿರಾಕರಿಸುವಂತಿಲ್ಲ ಎಂಬುದು ಅದರ ಸಾರ. 2021ರಲ್ಲಿ ಕೇರಳ ಹೈಕೋರ್ಟು, ನಿವಾಸಿಗಳ ಸಂಘದ ಬೈಲಾದಲ್ಲಿ ಸಾಕುಪ್ರಾಣಿಗಳನ್ನು ನಿಷೇಧಿಸುವ ಕಲಮು ಸಂವಿಧಾನಕ್ಕೆ ವಿರುದ್ಧವೆಂದು ಹೇಳಿದೆ. ಜೀವಿಗಳ ಮೇಲಿನ ಅನುಕಂಪವು ಸಂವಿಧಾನದ 51ಎ ವಿಧಿಯಲ್ಲಿ ಮೂಲಭೂತ ಕರ್ತವ್ಯವಾಗಿ ಸೇರಿದೆ. ಅದನ್ನು ನಾನು ಎಷ್ಟೋ ತಂಡಗಳ ಮಕ್ಕಳಿಂದ ಬಾಯಿಪಾಠ ಮಾಡಿಸಿದ್ದೇನೆ. ಆ ಮಕ್ಕಳೇ ಈಗ ಸಂಘಗಳ ಪದಾಧಿಕಾರಿಗಳಾಗುವ ವಯಸ್ಸಿನವರು. ಬಾಯಿಪಾಠ ಬಾಯಲ್ಲೇ ಉಳಿದಿತೇನೋ ಎಂದು ನನ್ನ ಮೇಲೆಯೇ ನನಗೆ ಸಂಶಯ ಬರುತ್ತಿದೆ.

ಅದೇ ಸಭೆಯಲ್ಲಿ ಮತ್ತೊಬ್ಬ ಮಹನೀಯರು, ನಾಯಿಯನ್ನು ಮನೆಯೊಳಗೆ ಕೂರಿಸುವುದು ನಮ್ಮ ಸಂಸ್ಕೃತಿಯಲ್ಲ ಎಂದರು. ಮಂಡ್ಯ ಜಿಲ್ಲೆಯ ಆತಕೂರಿನಲ್ಲಿ ಸಿಕ್ಕ ಹತ್ತನೆಯ ಶತಮಾನದ ಶಾಸನವನ್ನು ಅವರಿಗೆ ನೆನಪಿಸಬೇಕಾಯಿತು. ತಕ್ಕೋಲದ ಯುದ್ಧದಲ್ಲಿ ಶೌರ್ಯ ಮೆರೆದ ಮಣಲೆರನೆಂಬ ವೀರನಿಗೆ ಗಂಗರ ಬೂತುಗ, ಏನು ಬೇಕು ಕೇಳು ಎಂದ. ಮಣಲೆರ ಕೇಳಿ ಪಡೆದದ್ದು ಕಾಳಿ ಎಂಬ ನಾಯಿಯನ್ನು. ಕಾಳಿ ಕಾಡುಹಂದಿಯೊಡನೆ ಸೆಣಸಿ ಸತ್ತಾಗ ಅದರ ನೆನಪಿಗೆ ಕಲ್ಲು ನಿಲ್ಲಿಸಿ, ಆ ಕಲ್ಲಿನ ಪೂಜೆಗೆಂದು ಭೂಮಿ ಬಿಟ್ಟ. ಸಾವಿರ ವರ್ಷದ ಹಿಂದೆ ನಾಯಿಗೆ ಕಲ್ಲು ನೆಟ್ಟ ನಾಡಿನಲ್ಲಿ ಇಂದು ನಾಯಿಗೆ ಲಿಫ್ಟಿಲ್ಲ. ಸಂಸ್ಕೃತಿಯ ಮಾತೆತ್ತುವವರು ಇದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಲಿ.

ಇನ್ನೊಂದು ವಿಚಿತ್ರ. ಯಾವ ಪ್ರಾಣಿಯನ್ನು ಮನೆಯಲ್ಲಿ ಇಟ್ಟುಕೊಳ್ಳಬಾರದೆಂದು ಈ ದೇಶದಲ್ಲಿ ಸ್ಪಷ್ಟ ಕಾನೂನು ಈಗಾಗಲೇ ಇದೆ. ನಮ್ಮ ಗಿಳಿಯನ್ನು ಪಂಜರದಲ್ಲಿಡುವುದು, ನಕ್ಷತ್ರ ಆಮೆಯನ್ನು ತೊಟ್ಟಿಯಲ್ಲಿಡುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಂತೆ ಅಪರಾಧ. ಕಾಡಿನಲ್ಲಿ ಹಾರಬೇಕಾದದ್ದನ್ನು ಹಿಡಿದು ತರುವ ವ್ಯಾಪಾರವನ್ನು ತಡೆಯಲೆಂದು ಈ ನಿಯಮ. ಅದಕ್ಕೆ ಅರ್ಥವಿದೆ, ನಾನು ತಲೆಬಾಗುತ್ತೇನೆ. ನಮ್ಮ ಕಟ್ಟಡದ ಒಂದು ಬಾಲ್ಕನಿಯಲ್ಲಿ ಗಿಳಿಯ ಪಂಜರ ತೂಗುತ್ತಿದೆ, ಇನ್ನೊಂದು ಮನೆಯಲ್ಲಿ ಅದೃಷ್ಟಕ್ಕೆಂದು ತಂದ ನಕ್ಷತ್ರ ಆಮೆಯಿದೆ. ಸುತ್ತೋಲೆಯಲ್ಲಿ ಇವುಗಳ ಮಾತಿಲ್ಲ. ಬೊಗಳದ ಪ್ರಾಣಿಗೆ ಕಾನೂನು ಬೇಡವೇನೋ!

ಹಾಗೆಂದು ಸಾಕುವವರನ್ನೂ ನಾನು ಬಿಡುವುದಿಲ್ಲ. ಮಗುವಿನ ಹುಟ್ಟುಹಬ್ಬಕ್ಕೆ ಮರಿ ತಂದು, ಬೆಳೆದ ಮೇಲೆ ಬೇಡವಾಯಿತೆಂದು ಹೊರವರ್ತುಲ ರಸ್ತೆಯಲ್ಲಿ ಬಿಟ್ಟುಬರುವವರು, ನಾಯಿಯ ಹೇಲನ್ನು ಮಕ್ಕಳಾಡುವ ಜಾಗದಲ್ಲಿ ಬಿಟ್ಟು ಮೊಬೈಲ್ ನೋಡುತ್ತ ಹೋಗುವವರು, ಇಡೀ ದಿನ ಬಾಲ್ಕನಿಯಲ್ಲಿ ಕಟ್ಟಿಹಾಕಿ ಅದು ಅತ್ತರೆ ಕೇಳದವರು, “ನಮ್ಮದು ಏನೂ ಮಾಡಲ್ಲ” ಎಂದು ಸರಪಳಿ ಬಿಚ್ಚುವವರು, ಇವರೆಲ್ಲ ನಾಯಿಗೂ ಶತ್ರುಗಳು, ನೆರೆಯವರಿಗೂ ಶತ್ರುಗಳು. ಕಾವಲುಗಾರನ ಮಗ ಅತ್ತದ್ದು ಇಂಥವರಿಂದ. ನಿಯಮ ಬೇಡವೆಂದು ನಾನು ಹೇಳುತ್ತಿಲ್ಲ, ಇದಕ್ಕಿಂತ ಕಟ್ಟುನಿಟ್ಟಾದ ನಿಯಮ ಬೇಕೆನ್ನುತ್ತಿದ್ದೇನೆ.

ಮುಂದಿನ ಭಾನುವಾರ ಸಂಘದ ವಿಶೇಷ ಸಭೆಯಿದೆ. ನಾನು ಬರೆದುಕೊಡಲಿರುವ ತಿದ್ದುಪಡಿ ಇಷ್ಟೇ. ಸಾಕಿದ ಪ್ರತಿಯೊಂದು ನಾಯಿ ಬೆಕ್ಕಿಗೂ ಪ್ರತಿವರ್ಷ ರೇಬೀಸ್ ಲಸಿಕೆ ಹಾಕಿಸಿ ಅದರ ಪ್ರತಿಯನ್ನು ಸಂಘಕ್ಕೆ ಕೊಡಬೇಕು. ಮನೆಯ ಬಾಗಿಲು ದಾಟಿದರೆ ನಾಯಿಗೆ ಸರಪಳಿ, ಅದರ ತುದಿ ಹಿಡಿದು ನಿಲ್ಲಿಸಬಲ್ಲ ದೊಡ್ಡವರ ಕೈಯಲ್ಲಿ ಇರಬೇಕು. ಹೊಲಸನ್ನು ಮಾಲೀಕನೇ ಎತ್ತಬೇಕು. ನಾಯಿ ಕಚ್ಚಿದರೆ ಚಿಕಿತ್ಸೆಯ ಪೂರ್ತಿ ಖರ್ಚು ಮಾಲೀಕನದು, ಕಚ್ಚಿಸಿಕೊಂಡವನು ಫ್ಲ್ಯಾಟಿನ ಒಡೆಯನಾಗಿರಲಿ, ಕಾವಲುಗಾರನ ಮಗನಾಗಿರಲಿ. ಸಂಖ್ಯೆ, ತೂಕ, ತಳಿ, ಈ ಮೂರು ಕಲಮುಗಳನ್ನು ಕೈಬಿಡಬೇಕು. ‘ವಿಲೇವಾರಿ’ ಎಂಬ ಶಬ್ದವನ್ನು ಹೊಡೆದುಹಾಕಬೇಕು. ಲಿಫ್ಟನ್ನು ನಾಳೆಯೇ ತೆರೆಯಬೇಕು.

ನೆಗಡಿ ಬಂತೆಂದು ಮೂಗು ಕೊಯ್ದುಕೊಳ್ಳಬಾರದು ಎಂದು ಒಪ್ಪುವ ನೆರೆಹೊರೆಯವರು ಅಂದು ಕೈಯೆತ್ತಲಿ. ಕಳೆದ ಸಭೆಯಲ್ಲಿ ನನ್ನ ಪರವಾಗಿ ಎದ್ದದ್ದು ಮೂರು ಕೈ. ಅದರಲ್ಲಿ ಒಂದು ನಾಲ್ಕನೆಯ ಮಹಡಿಯ ಆ ತಾಯಿಯದು. ಮೆಟ್ಟಿಲು ಹತ್ತಿ ದಣಿದಿದ್ದರೂ ಸಭೆಗೆ ಬಂದಿದ್ದರು. 1986ರಲ್ಲಿ ಹೇಳಬೇಕಾದದ್ದನ್ನು ನಾನು ಹೇಳಲಿಲ್ಲ. ಈ ಸಲವಾದರೂ ಬಾಯಿಬಿಟ್ಟು ಹೇಳುತ್ತೇನೆ.